ಓದಿದವರು ಫೋನ್ ಮಾಡಿ ಕೇಳುವಂತಾಗಬಾರದು: ಕನ್ನಡದಲ್ಲಿ ಸರಳವಾಗಿ, ಸ್ಪಷ್ಟವಾಗಿ ಬರೆಯುವ ಬಗೆ

ಮುಂಬೈ ಹತ್ತಿರದ ನಾಲಾಸೋಪಾರದಿಂದ ಡೊಂಬಿವಲಿಗೆ ಬರಬೇಕಾದರೆ ವೆಸ್ಟರ್ನ್ ಲೈನಿನ ಲೋಕಲ್ ಹಿಡಿದು ದಾದರಿಗೆ ಬರಬೇಕು, ಅಲ್ಲಿ ಸೇತುವೆ ಹತ್ತಿ ಸೆಂಟ್ರಲ್ ಲೈನಿನ ಕಡೆಗೆ ಇಳಿದು ಇನ್ನೊಂದು ಲೋಕಲ್ ಹಿಡಿಯಬೇಕು. ಮನೆ ಬಿಟ್ಟು ನಮ್ಮ ಕನ್ನಡ ಸಂಘದ ಬಾಗಿಲು ಮುಟ್ಟಲು ಎರಡು ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಮಳೆಯ ದಿನ, ಒಬ್ಬ ತಾಯಿ ಹೀಗೆ ಬಂದರು. ಮೂರು ಮನೆಗಳಲ್ಲಿ ಅಡುಗೆ ಮಾಡಿ ಬದುಕುವವರು, ಆ ದಿನ ಮೂರೂ ಮನೆಗೆ ರಜೆ ಹೇಳಿ ಬಂದಿದ್ದರು. ಮಗಳಿಗೆ ನೋಟ್‌ಬುಕ್ಕೂ ಫೀಸಿಗೆ ಸ್ವಲ್ಪ ಹಣವೂ ಸಿಗುತ್ತದೆ ಎಂದು ಯಾರೋ ನೋಟಿಸಿನ ಫೋಟೋ ಕಳಿಸಿದ್ದರು. ಆದರೆ ಶಾಲೆಯ ಬೋನಾಫೈಡ್, ಅಂದರೆ ಮಗಳು ಅಲ್ಲಿ ಓದುತ್ತಿದ್ದಾಳೆ ಎಂದು ಶಾಲೆ ಕೊಡುವ ಕಾಗದ, ತಂದಿರಲಿಲ್ಲ.

"ನೋಟಿಸಿನಲ್ಲಿ ಬರೆದಿತ್ತಲ್ಲ" ಎಂದೆ.

"ಎಲ್ಲಿ ಉಂಟು ಅಕ್ಕಾ?" ಎಂದು ಮೊಬೈಲ್ ಮುಂದೆ ಹಿಡಿದರು.

ತೋರಿಸಿದೆ. ಅವರು ಎರಡು ಸಲ ಓದಿ, "ವ್ಯಾಸಂಗ ದೃಢೀಕರಣ ಪತ್ರ ಅಂದ್ರೆ ಬೋನಾಫೈಡಾ?" ಎಂದರು. ಆ ನೋಟಿಸು ಬರೆದವಳು ನಾನೇ. ಅವರು ಅದೇ ಮಳೆಯಲ್ಲಿ ವಾಪಸು ಹೋಗಿ ಮುಂದಿನ ವಾರ ಮತ್ತೊಂದು ದಿನದ ಕೆಲಸ ಬಿಟ್ಟು ಬರಬೇಕಾಯಿತು. ಅವತ್ತಿನಿಂದ ನನಗೆ ಬರವಣಿಗೆ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ಒಂದೇ ಅಳತೆ: ಓದಿದವರು ಯಾರಿಗೂ ಫೋನ್ ಮಾಡಿ ಕೇಳದೆ, ಸರಿಯಾದ ಕೆಲಸವನ್ನು ಸರಿಯಾದ ಹೊತ್ತಿಗೆ ಮಾಡಲು ಆಯಿತೇ?

ಈ ಮಾರ್ಗದರ್ಶಿ ಕಥೆ, ಕವಿತೆ ಬರೆಯುವವರಿಗಲ್ಲ. ಸಂಘದ ನೋಟಿಸು, ಹೌಸಿಂಗ್ ಸೊಸೈಟಿಯ ಬೋರ್ಡಿಗೆ ಹಾಕುವ ಚೀಟಿ, ಕಾರ್ಯಕ್ರಮದ ಆಮಂತ್ರಣ, ಊರಿನ ಪಂಚಾಯಿತಿಗೆ ಅರ್ಜಿ, ಅಣ್ಣತಮ್ಮಂದಿರಿಗೆ ಜಾಗದ ವಿಷಯದಲ್ಲಿ ಕಾಗದ, ಇಂಥದ್ದನ್ನು ಮುಂಬೈಯಲ್ಲಿ ಕೂತು ಕನ್ನಡದಲ್ಲಿ ಬರೆಯುವವರಿಗೆ.

ಆ ಹಳೆಯ ನೋಟಿಸನ್ನು ಮೊದಲು ಇಲ್ಲಿ ಇಡುತ್ತೇನೆ, ಉದ್ದಕ್ಕೂ ಇದೇ ಉದಾಹರಣೆ.

"ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಪ್ರಸಕ್ತ ಶೈಕ್ಷಣಿಕ ವರ್ಷದಲ್ಲಿ ಸಂಘದ ವತಿಯಿಂದ ಅರ್ಹ ವಿದ್ಯಾರ್ಥಿಗಳಿಗೆ ಪುಸ್ತಕ ವಿತರಣೆ ಹಾಗೂ ಸಹಾಯಧನ ನೀಡುವ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದ್ದು, ಸದರಿ ಸೌಲಭ್ಯವನ್ನು ಪಡೆಯಲಿಚ್ಛಿಸುವ ವಿದ್ಯಾರ್ಥಿಗಳ ಪೋಷಕರು ಕಳೆದ ಸಾಲಿನ ಅಂಕಪಟ್ಟಿ ಹಾಗೂ ವ್ಯಾಸಂಗ ದೃಢೀಕರಣ ಪತ್ರದ ಪ್ರತಿಗಳೊಂದಿಗೆ ಮುಂದಿನ ಭಾನುವಾರ 10 ಗಂಟೆಗೆ ಸಂಘದ ಕಚೇರಿಗೆ ಆಗಮಿಸಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳತಕ್ಕದ್ದು."

40 ಪದ, ಒಂದೇ ವಾಕ್ಯ. ವ್ಯಾಕರಣದ ತಪ್ಪು ಒಂದೂ ಇಲ್ಲ.

ಹೆಜ್ಜೆ 1: ಬರೆಯುವ ಮೊದಲು ಒಬ್ಬರ ಮುಖ ನೆನಪು ಮಾಡಿಕೊಳ್ಳಿ

"ಸಮಸ್ತ ಸದಸ್ಯ ಬಾಂಧವರಿಗೆ" ಎಂದು ಶುರು ಮಾಡಿದರೆ ಕಣ್ಣೆದುರು ಯಾರ ಮುಖವೂ ಬರುವುದಿಲ್ಲ. ನಮ್ಮ ಓದುಗರು ಯಾರು ಎಂದು ಸ್ವಲ್ಪ ಎಣಿಸಿ ನೋಡಿ. ಚಿಕ್ಕಂದಿನಲ್ಲೇ ಹೋಟೆಲ್ ಕೆಲಸಕ್ಕೆ ಬಂದು, ಹಗಲು ದುಡಿದು, ಫೋರ್ಟ್ ಕಡೆಯ ರಾತ್ರಿ ಶಾಲೆಗಳಲ್ಲಿ ಕನ್ನಡ ಓದಿದ ಹಿರಿಯರಿದ್ದಾರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಮಾತಾಡುವವರಿದ್ದಾರೆ, ಅವರಿಗೆ ಕನ್ನಡ ಓದುವ ಭಾಷೆ, ಮಾತಾಡುವ ಭಾಷೆ ಅಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿದ್ದಾರೆ. ಇಲ್ಲೇ ಹುಟ್ಟಿ ಮರಾಠಿ ಅಥವಾ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುವ ಮಕ್ಕಳಿದ್ದಾರೆ. ಎಷ್ಟೋ ಮನೆಗಳಲ್ಲಿ ನೋಟಿಸನ್ನು ಅಜ್ಜಿಗೆ ಓದಿ ಹೇಳುವುದು ಈ ಮಕ್ಕಳೇ.

ಇವರಲ್ಲಿ ಓದಲು ಅತಿ ಜಾಸ್ತಿ ಕಷ್ಟಪಡುವ ಒಬ್ಬರನ್ನು ಆರಿಸಿಕೊಳ್ಳಿ. ನಿಜವಾದ ಒಬ್ಬರು, ನಿಮಗೆ ಗುರುತಿರುವವರು. ನಾನು ಆ ನಾಲಾಸೋಪಾರದ ತಾಯಿಯನ್ನು ನೆನೆಸಿಕೊಳ್ಳುತ್ತೇನೆ. ಅವರಿಗೆ ಗೊತ್ತಾಗುವಂತೆ ಬರೆದದ್ದು ಕನ್ನಡ ಎಂ.ಎ. ಮಾಡಿದವರಿಗೂ ಗೊತ್ತಾಗುತ್ತದೆ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ಹಾಳೆಯ ಮೇಲ್ಗಡೆ ಎರಡು ಸಾಲು ಬರೆದುಕೊಳ್ಳಿ. ಯಾರು ಓದುತ್ತಾರೆ? ಓದಿ ಏನು ಮಾಡಬೇಕು? ನನ್ನ ಹಳೆಯ ನೋಟಿಸಿಗೆ ಉತ್ತರ ಇಷ್ಟೇ ಆಗುತ್ತಿತ್ತು: "ಮಕ್ಕಳ ತಂದೆ ತಾಯಿ. ಭಾನುವಾರ ಎರಡು ಕಾಗದ ಹಿಡಿದುಕೊಂಡು ಬರಬೇಕು." ಎರಡನೆಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಸುಮ್ನೆ ಬರೆಯಲು ಕೂರಬೇಡಿ. ಸಮಿತಿ ಇನ್ನೂ ಏನೂ ತೀರ್ಮಾನ ಮಾಡಿಲ್ಲ ಎಂದು ಅರ್ಥ, ಮೊದಲು ಅದನ್ನು ಕೇಳಿಕೊಂಡು ಬನ್ನಿ. ಅಸ್ಪಷ್ಟ ನೋಟಿಸುಗಳಲ್ಲಿ ಅರ್ಧಕ್ಕರ್ಧ ಭಾಷೆಯ ತೊಂದರೆಯೇ ಅಲ್ಲ, ತೀರ್ಮಾನ ಆಗದೆ ಬರೆದದ್ದು.

ಹೆಜ್ಜೆ 2: ಮೊದಲು ಬಾಯಲ್ಲಿ ಹೇಳಿ

ಪೆನ್ನು ಕೆಳಗಿಡಿ. ಆ ಒಬ್ಬರು ಎದುರು ಕೂತಿದ್ದಾರೆ ಎಂದುಕೊಂಡು ಬಾಯಿಬಿಟ್ಟು ಹೇಳಿ. "ಅಕ್ಕಾ, ಭಾನುವಾರ ಬನ್ನಿ, ಬೋನಾಫೈಡ್ ತನ್ನಿ, ಮರೀಬೇಡಿ." ಹೇಳಬೇಕಾದ್ದೆಲ್ಲ ಇದರಲ್ಲಿ ಬಂತು, ಅಲ್ವಾ? ನಾವು ಮಾತಾಡುವಾಗ ಯಾರೂ "ಆಗಮಿಸತಕ್ಕದ್ದು" ಎನ್ನುವುದಿಲ್ಲ. ಪೆನ್ನು ಹಿಡಿದ ಕೂಡಲೇ ಅದು ಬರುತ್ತದೆ. ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಬರೆದ ಕನ್ನಡವನ್ನು ನೋಡಿದ್ದು ಕಚೇರಿಯ ಕಾಗದಗಳಲ್ಲಿ, ಮದುವೆ ಕರೆಯೋಲೆಗಳಲ್ಲಿ. ಹಾಗೆಯೇ ಬರೆಯಬೇಕು, ಇಲ್ಲದಿದ್ದರೆ ಮರ್ಯಾದೆ ಕಡಿಮೆ ಎಂದು ಕೈ ತಾನಾಗಿಯೇ ಆ ಕಡೆ ಹೋಗುತ್ತದೆ.

ಮೊಬೈಲಿನಲ್ಲಿ ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯ ಕನ್ನಡಕ್ಕೂ ಇದೆ, ಜಿಬೋರ್ಡ್ ಎಂಬ ಕೀಬೋರ್ಡಿನ ಮೈಕ್ ಗುರುತನ್ನು ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ. ಊರಿನ ಮಾತು ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ, ನಮ್ಮ ಕುಂದಾಪ್ರ ಕನ್ನಡದಲ್ಲಿ ಮಾತಾಡಿದರೆ ಏನೇನೋ ಬರೆಯುತ್ತದೆ. ಅಡ್ಡಿಯಿಲ್ಲ. ಮೊದಲ ಕರಡು ಸಿಗುತ್ತದೆ, ಅದು ಮಾತಿನ ಜಾಡಿನಲ್ಲಿ ಇರುತ್ತದೆ, ಅಷ್ಟು ಸಾಕು. ಆಮೇಲೆ "ಬರ್ಬೇಕು" ಇದ್ದದ್ದನ್ನು "ಬರಬೇಕು" ಮಾಡಿ ತಿದ್ದಿಕೊಂಡರಾಯಿತು.

ಹೆಜ್ಜೆ 3: ವಾಕ್ಯವನ್ನು ಎಲ್ಲಿ ತುಂಡು ಮಾಡಬೇಕು

ಇದು ಕನ್ನಡಕ್ಕೇ ಸೇರಿದ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಯಾರಿಗೆ, ಎಲ್ಲಿ, ಯಾವಾಗ, ಯಾವುದನ್ನು ಎಂಬುದೆಲ್ಲ ಮೊದಲು, "ಮಾಡಬೇಕು" ಅಥವಾ "ಮಾಡಬಾರದು" ಎಂಬುದು ಕಟ್ಟಕಡೆಗೆ. ಅಂದರೆ ಓದುವವರು ಎಲ್ಲ ಸಾಮಾನನ್ನೂ ತಲೆಯ ಮೇಲೆ ಹೊತ್ತುಕೊಂಡು ವಾಕ್ಯದ ತುದಿಯವರೆಗೆ ನಡೆಯಬೇಕು, ಅಲ್ಲಿ ಹೋದ ಮೇಲಷ್ಟೇ ಕೆಳಗಿಳಿಸಬಹುದು. ಹತ್ತು ಪದ ಹೊರಬಹುದು. ನಲವತ್ತು ಪದ ಹೊತ್ತು ನಡೆಯುವಾಗ ನಡುವೆ ಯಾವುದಾದರೂ ಬಿದ್ದೇ ಬೀಳುತ್ತದೆ, ನನ್ನ ನೋಟಿಸಿನಲ್ಲಿ ಬಿದ್ದದ್ದು ಬೋನಾಫೈಡ್.

ತುಂಡು ಮಾಡುವ ಜಾಗಗಳು ಸುಲಭವಾಗಿ ಕಾಣುತ್ತವೆ. "ಆಗಿದ್ದು," "ಇರುವುದರಿಂದ," "ಅಲ್ಲದೆ," "ಹಾಗೂ," "ಆದುದರಿಂದ" ಎಂಬ ಮಾತು ಎಲ್ಲೆಲ್ಲಿ ಬಂತೋ ಅಲ್ಲೆಲ್ಲ ಒಮ್ಮೆ ನಿಂತು ನೋಡಿ. "ಹಮ್ಮಿಕೊಳ್ಳಲಾಗಿದ್ದು," ಎಂಬಲ್ಲಿ ಪೂರ್ಣವಿರಾಮ ಹಾಕಿದರೆ ಏನಾದರೂ ಕೆಡುತ್ತದೆಯೇ? ಇಲ್ಲ. ಹಾಗಾದರೆ ಹಾಕಿ.

ಆದರೆ ಎಲ್ಲವನ್ನೂ ಚೂರು ಚೂರು ಮಾಡಬೇಕಾಗಿಲ್ಲ. "ಬಂದು, ಹೆಸರು ಬರೆಸಿ, ಚೀಟಿ ತೆಗೆದುಕೊಂಡು, ಕೌಂಟರಿಗೆ ಹೋಗಿ" ಎಂಬ ಸರಪಳಿ ಕನ್ನಡಕ್ಕೆ ಹುಟ್ಟುಗುಣ, ಅಡುಗೆ ಹೇಳಿಕೊಡುವಾಗ ಅಮ್ಮಂದಿರು ಹೀಗೇ ಹೇಳುತ್ತಾರೆ, ಯಾರಿಗೂ ಗೊಂದಲ ಆಗುವುದಿಲ್ಲ. ಒಂದೇ ನಿಯಮ: ಸರಪಳಿಯ ಎಲ್ಲ ಕೆಲಸವನ್ನೂ ಒಬ್ಬರೇ ಮಾಡುತ್ತಿರಬೇಕು. "ಪೋಷಕರು ಅರ್ಜಿ ತುಂಬಿ ಸಮಿತಿ ನೋಡಿ ಹಣ ಕೊಡುತ್ತದೆ" ಎಂದರೆ ದಾರಿ ತಪ್ಪಿತು, ತುಂಬುವವರು ಒಬ್ಬರು, ನೋಡುವವರು ಬೇರೆ. "ಪೋಷಕರು ಅರ್ಜಿ ತುಂಬಬೇಕು. ಸಮಿತಿ ಅದನ್ನು ನೋಡಿ ಹಣ ಕೊಡುತ್ತದೆ." ಕೆಲಸ ಮಾಡುವವರು ಬದಲಾದ ಕಡೆ ವಾಕ್ಯವೂ ಬದಲಾಗಲಿ.

ಮುಖ್ಯ ಮಾತು ಮೊದಲ ವಾಕ್ಯದಲ್ಲೇ ಬರಲಿ. ಕಾರಣ, ಹಿನ್ನೆಲೆ, ಸಂಘಕ್ಕೆ ಎಷ್ಟು ವರ್ಷ ಆಯಿತು, ಇದೆಲ್ಲ ಆಮೇಲೆ. ಸೊಸೈಟಿಯಲ್ಲಿ ಟ್ಯಾಂಕ್ ತೊಳೆಯುವ ದಿನದ ಚೀಟಿ ನೋಡಿ: "ನೀರಿನ ಶುದ್ಧತೆಯನ್ನು ಕಾಪಾಡುವ ದೃಷ್ಟಿಯಿಂದ..." ಎಂದು ಶುರುವಾಗುತ್ತದೆ. ಲಿಫ್ಟಿಗೆ ಕಾಯುತ್ತಾ ಓದುವವರು ಮೊದಲ ಸಾಲು ಮುಗಿಸುವಷ್ಟರಲ್ಲಿ ಲಿಫ್ಟ್ ಬಂತು. "ಮಂಗಳವಾರ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ನೀರು ಬರುವುದಿಲ್ಲ" ಎಂದು ಮೇಲೆ ಬರೆಯಿರಿ. ಟ್ಯಾಂಕಿನ ವಿಷಯ ಎರಡನೆಯ ಸಾಲಿನಲ್ಲಿರಲಿ.

ಹೆಜ್ಜೆ 4: ಯಾರು ಮಾಡಿದರು ಎಂದು ಹೇಳಿ

"ನಿರ್ಧರಿಸಲಾಗಿದೆ", "ಸೂಚಿಸಲಾಗಿದೆ", "ಕ್ರಮ ಕೈಗೊಳ್ಳಲಾಗುವುದು". ಯಾರು ನಿರ್ಧರಿಸಿದರು, ಯಾರು ಕೈಗೊಳ್ಳುತ್ತಾರೆ? ಓದುವವರಿಗೆ ಗೊತ್ತಾಗುವುದಿಲ್ಲ, ಆಮೇಲೆ ಜಗಳಕ್ಕೂ ಇದೇ ಕಾರಣ ಆಗುತ್ತದೆ. "ಬಾಕಿ ಇರುವ ಮೇಂಟೆನೆನ್ಸ್ ಮೇಲೆ ಬಡ್ಡಿ ಹಾಕಲು ಜನರಲ್ ಮೀಟಿಂಗಿನಲ್ಲಿ ಸದಸ್ಯರು ಒಪ್ಪಿದ್ದಾರೆ" ಎಂದು ಬರೆದರೆ ಸೆಕ್ರೆಟರಿಯ ಮನೆ ಬಾಗಿಲಿಗೆ ಬಂದು ಕೂಗಾಡುವವರು ಕಡಿಮೆಯಾಗುತ್ತಾರೆ.

ಹೆಸರುಪದಗಳನ್ನು ಪೇರಿಸುವುದೂ ಇದೇ ರೋಗ. "ಪರಿಶೀಲನೆ ನಡೆಸುವ ಕಾರ್ಯವನ್ನು ಕೈಗೊಂಡರು" ಎಂದರೆ "ನೋಡಿದರು", "ದುರಸ್ತಿ ಕಾರ್ಯವನ್ನು ನೆರವೇರಿಸಲಾಯಿತು" ಎಂದರೆ "ರಿಪೇರಿ ಮಾಡಿದರು". ಕೈಗೊಳ್ಳು, ನೆರವೇರಿಸು, ಹಮ್ಮಿಕೊಳ್ಳು, ಜರುಗಿಸು, ಈ ನಾಲ್ಕು ನಿಮ್ಮ ಬರಹದಲ್ಲಿ ಕಂಡರೆ ಅದರ ಹಿಂದಿನ ಪದದೊಳಗೆ ನಿಜವಾದ ಕ್ರಿಯಾಪದ ಅಡಗಿ ಕೂತಿರುತ್ತದೆ. ಅದನ್ನು ಹೊರಗೆ ತನ್ನಿ.

ಹೆಜ್ಜೆ 5: ಪದ ಆರಿಸುವುದು, ಅದರಲ್ಲೂ ಮುಂಬೈಯಲ್ಲಿ

ಸುಲಭದ್ದು ಮೊದಲು. ಆಗಮಿಸಿ ಬೇಡ, ಬನ್ನಿ. ತದನಂತರ ಬೇಡ, ಆಮೇಲೆ. ಸದರಿ ಬೇಡ, ಈ. "ಸಂಘದ ವತಿಯಿಂದ" ಬೇಡ, ಸಂಘದಿಂದ. ಇಚ್ಛಿಸುವವರು ಬೇಡ, ಬೇಕಾದವರು. ಒಂದು ಪದ ಬರೆದ ಮೇಲೆ ಇದನ್ನು ನಾನು ಮನೆಯಲ್ಲಿ ಎಂದಾದರೂ ಬಾಯಲ್ಲಿ ಆಡಿದ್ದೇನೆಯೇ ಎಂದು ಕೇಳಿಕೊಳ್ಳಿ.

ಆಮೇಲೆ ಸ್ವಲ್ಪ ಕಷ್ಟದ್ದು. ಕರ್ನಾಟಕದ ಕಚೇರಿಗಳಲ್ಲಿ ನಡೆಯುವ ಪದ ಇಲ್ಲಿ ಎಷ್ಟೋ ಸಲ ನಡೆಯುವುದಿಲ್ಲ. ಶಾಲೆ ಕೊಡುವ ಆ ಕಾಗದಕ್ಕೆ ಮಹಾರಾಷ್ಟ್ರದಲ್ಲಿ ಎಲ್ಲರೂ ಹೇಳುವುದು ಬೋನಾಫೈಡ್, ಶಾಲೆಯ ಗುಮಾಸ್ತರೂ ಅದನ್ನೇ ಹೇಳುತ್ತಾರೆ, ಮಗುವೂ ಅದನ್ನೇ ಹೇಳುತ್ತದೆ. ಶುದ್ಧ ಕನ್ನಡ ಬರೆಯುತ್ತೇನೆ ಎಂದು ಹಟ ಹಿಡಿದರೆ ಆ ಕಾಗದ ಸಿಗುವ ಕೌಂಟರಿನಲ್ಲಿ ಏನೆಂದು ಕೇಳಬೇಕು ಎಂಬುದೇ ಓದುವವರಿಗೆ ತಿಳಿಯುವುದಿಲ್ಲ. ಕರೆಂಟ್ ಬಿಲ್ಲಿಗೆ ಮುಂಬೈಯಲ್ಲಿ ಲೈಟ್ ಬಿಲ್ ಎನ್ನುತ್ತಾರೆ, ಹಾಗೇ ಬರೆಯಿರಿ. ಪಾಸ್‌ಬುಕ್, ರೇಷನ್ ಕಾರ್ಡ್, ಲೋಕಲ್, ಪಾಸ್, ಚಾಳ್, ಮೇಂಟೆನೆನ್ಸ್, ಇವೆಲ್ಲ ನಮ್ಮವೇ ಆಗಿವೆ.

ಊರಿಗೆ ಬರೆಯುವಾಗ ಇದೇ ಮಾತು ತಿರುಗುತ್ತದೆ. ಪಂಚಾಯಿತಿಗೆ ಅರ್ಜಿ ಹಾಕುವಾಗ ಅಲ್ಲಿಯ ಪದ ಬೇಕು: ಪಹಣಿ, ಖಾತೆ, ಸರ್ವೆ ನಂಬರ್. ಮಹಾರಾಷ್ಟ್ರದಲ್ಲಿ ಪಹಣಿಗೆ ಹೇಳುವ ಸಾತ್‌ಬಾರಾ ಅಲ್ಲಿ ಯಾರಿಗೂ ತಲೆಗೆ ಹೋಗುವುದಿಲ್ಲ. ಕಾಗದ ಯಾರ ಮೇಜಿನ ಮೇಲೆ ಬೀಳುತ್ತದೋ ಆ ಮೇಜಿನ ಮಾತು ಬಳಸಿ.

ಎಲ್ಲಕ್ಕಿಂತ ಮೋಸ ಮಾಡುವುದು ಕನ್ನಡ, ಮರಾಠಿ, ಹಿಂದಿ, ಈ ಮೂರು ಭಾಷೆಗಳ ನಡುವೆ ಓಡಾಡುವ ಪದಗಳು. ರೂಪ ಒಂದೇ, ಅರ್ಥ ಬೇರೆ. ನಾವು "ವ್ಯವಸಾಯ" ಎಂದರೆ ಬೇಸಾಯ ಎಂದುಕೊಳ್ಳುತ್ತೇವೆ, ಮರಾಠಿ, ಹಿಂದಿಯ ಫಾರ್ಮಿನಲ್ಲಿ ಅದೇ ಪದಕ್ಕೆ ಕಸುಬು, ವ್ಯಾಪಾರ ಎಂಬ ಅರ್ಥ. "ಉದ್ಯೋಗ" ನಮಗೆ ಕೆಲಸ, ಮರಾಠಿಯಲ್ಲಿ ಕೈಗಾರಿಕೆ, ದೊಡ್ಡ ಧಂದೆ. "ಉಪನ್ಯಾಸ" ನಮಗೆ ಭಾಷಣ, ಹಿಂದಿಯಲ್ಲಿ ಕಾದಂಬರಿ. "ಶಿಕ್ಷೆ" ನಮಗೂ ಮರಾಠಿಯವರಿಗೂ ದಂಡನೆ, ಹಿಂದಿ ಓದಿದ ಮಗುವಿಗೆ ಅದು ವಿದ್ಯೆ. "ಅಭ್ಯಾಸ" ನಮಗೆ ರೂಢಿ ಎಂದೂ ಆಗುತ್ತದೆ, ಮರಾಠಿ ಶಾಲೆಯ ಮಗುವಿಗೆ ಅದು ಪಾಠ ಓದುವುದು. "ಅವಸರ" ನಮಗೆ ಗಡಿಬಿಡಿ, ಹಿಂದಿಯಲ್ಲಿ ಅವಕಾಶ. ಮತ್ತೆ "ಪಾವತಿ": ನಮ್ಮ ಕಚೇರಿಯ ಕನ್ನಡದಲ್ಲಿ ಹಣ ಕಟ್ಟುವುದು, ಮರಾಠಿಯಲ್ಲಿ ಕಟ್ಟಿದ ಹಣಕ್ಕೆ ಸಿಗುವ ರಸೀದಿ. "ಪಾವತಿಯೊಂದಿಗೆ ಬನ್ನಿ" ಎಂದು ಬರೆದರೆ ಒಬ್ಬರು ಹಣ ತರುತ್ತಾರೆ, ಇನ್ನೊಬ್ಬರು ರಸೀದಿ ತರುತ್ತಾರೆ, ಇಬ್ಬರೂ ಸರಿ. "ಹಣ ಕಟ್ಟಿ", "ರಸೀದಿ ತನ್ನಿ" ಎಂದರೆ ಈ ತಾಪತ್ರಯವೇ ಇಲ್ಲ. ಮುಂಬೈಯ ಕನ್ನಡ ಓದುಗರ ತಲೆಯಲ್ಲಿ ಈ ಭಾಷೆಗಳೆಲ್ಲ ಒಟ್ಟಿಗೇ ಓಡುತ್ತಿರುತ್ತವೆ, ಅದು ಅವರ ಕೊರತೆ ಅಲ್ಲ, ನಾವು ಬರೆಯುವವರು ಎಚ್ಚರ ಇರಬೇಕು.

ಹೆಜ್ಜೆ 6: ಎರಡು ಅರ್ಥ ಕೊಡುವ ಸಾಲುಗಳನ್ನು ಹುಡುಕಿ

ಬರೆದವರಿಗೆ ತನ್ನ ಸಾಲಿನಲ್ಲಿ ಎರಡನೆಯ ಅರ್ಥ ಕಾಣುವುದೇ ಇಲ್ಲ. ಅದಕ್ಕೆ ನಾನು ಕೆಲವು ಪದ ಕಂಡ ಕೂಡಲೇ ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದೇನೆ.

"ಮಾತ್ರ" ಎಂಬುದು ಯಾವ ಪದದ ಬೆನ್ನಿಗೆ ಇದೆ ನೋಡಿ. "ಸದಸ್ಯರಿಗೆ ಮಾತ್ರ ಪುಸ್ತಕ" ಎಂದರೆ ಬೇರೆಯವರಿಗೆ ಇಲ್ಲ. "ಸದಸ್ಯರಿಗೆ ಪುಸ್ತಕ ಮಾತ್ರ" ಎಂದರೆ ಸದಸ್ಯರಿಗೆ ಹಣ ಇಲ್ಲ.

"ಎಲ್ಲರೂ ಬಂದಿಲ್ಲ." ಒಬ್ಬರೂ ಬಂದಿಲ್ಲವೇ, ಕೆಲವರು ಬಂದಿಲ್ಲವೇ? "ಯಾರೂ ಬಂದಿಲ್ಲ" ಅಥವಾ "ಕೆಲವರು ಬಂದಿಲ್ಲ" ಎಂದು ಬಿಡಿಸಿ ಬರೆಯಿರಿ. ಮೀಟಿಂಗಿನ ವರದಿಯಲ್ಲಿ "ಎಲ್ಲರೂ ಒಪ್ಪಲಿಲ್ಲ" ಎಂಬ ಒಂದು ಸಾಲಿಗಾಗಿ ಮುಂದಿನ ಮೀಟಿಂಗಿನಲ್ಲಿ ಅರ್ಧ ಗಂಟೆ ಮಾತು ನಡೆದದ್ದನ್ನು ಕಂಡಿದ್ದೇನೆ.

"ಹೊಸ ಸದಸ್ಯರ ಮಕ್ಕಳು" ಎಂದರೆ ಹೊಸದಾಗಿ ಸೇರಿದ ಸದಸ್ಯರ ಮಕ್ಕಳೇ, ಸದಸ್ಯರ ಮಕ್ಕಳಲ್ಲಿ ಈ ವರ್ಷ ಹೊಸದಾಗಿ ಅರ್ಜಿ ಹಾಕುವವರೇ? ವಿಶೇಷಣದ ಎದುರು ಎರಡು ಹೆಸರುಪದ ಸಾಲಾಗಿ ನಿಂತರೆ ಹೀಗಾಗುತ್ತದೆ. "ಈ ವರ್ಷ ಸೇರಿದ ಸದಸ್ಯರ ಮಕ್ಕಳು" ಎನ್ನಿ, ಎರಡು ಪದ ಜಾಸ್ತಿಯಾದರೂ ಚಿಂತೆಯಿಲ್ಲ. ಸರಳ ಎಂದರೆ ಗಿಡ್ಡ ಎಂದೇ ಅಲ್ಲ, ಅರ್ಥಕ್ಕೆ ಬೇಕಾದ ಪದವನ್ನು ಉಳಿತಾಯ ಮಾಡಬೇಡಿ.

"ಅವರು", "ಅವರ" ಇನ್ನೂ ಅಪಾಯ. ಕನ್ನಡದಲ್ಲಿ ಗೌರವಕ್ಕೆ ಒಬ್ಬರಿಗೂ ಅವರು, ಹತ್ತು ಜನಕ್ಕೂ ಅವರು. "ಅಧ್ಯಕ್ಷರು ಖಜಾಂಚಿಗೆ ಅವರ ನಂಬರ್ ಕೊಟ್ಟರು." ಯಾರ ನಂಬರ್? ಇದಕ್ಕೆ ಕನ್ನಡದಲ್ಲೇ ಚಂದದ ಉಪಾಯ ಇದೆ, "ತಮ್ಮ". "ತಮ್ಮ ನಂಬರ್ ಕೊಟ್ಟರು" ಎಂದರೆ ಅಧ್ಯಕ್ಷರದ್ದೇ. ಅದೂ ಅನುಮಾನ ಆದರೆ ಹೆಸರನ್ನೇ ಇನ್ನೊಮ್ಮೆ ಬರೆಯಿರಿ. ಜಾಗದ ಕಾಗದಗಳಲ್ಲಂತೂ ಪ್ರತಿ ಸಲವೂ ಹೆಸರು ಬರೆಯಲೇಬೇಕು.

ಇಲ್ಲ, ಬಾರದು, ಹೊರತು, ಇವು ಎರಡೆರಡು ಒಟ್ಟಿಗೆ ಬಂದರೆ ಒಂದನ್ನು ತೆಗೆಯಿರಿ. "ರಸೀದಿ ಇಲ್ಲದ ಹೊರತು ಪ್ರವೇಶ ಇಲ್ಲದಿಲ್ಲ" ಎಂಬ ಮಟ್ಟಕ್ಕೆ ಯಾರೂ ಹೋಗುವುದಿಲ್ಲ, ಆದರೆ "ಅರ್ಜಿ ಕೊಡದೆ ಇದ್ದವರಿಗೆ ಹಣ ಸಿಗುವುದಿಲ್ಲ" ಎಂದು ಬರೆಯುತ್ತೇವೆ. "ಅರ್ಜಿ ಕೊಟ್ಟವರಿಗೆ ಮಾತ್ರ ಹಣ" ಎಂದರೆ ಸಾಕು.

ಹೆಜ್ಜೆ 7: ದಿನ, ಹೊತ್ತು, ಜಾಗ

"ಮುಂದಿನ ಭಾನುವಾರ" ಎಂದು ಎಂದಿಗೂ ಬರೆಯಬೇಡಿ. ಗುರುವಾರ ಓದಿದವರಿಗೆ ಅದು ಮೂರು ದಿನದ ನಂತರವೋ ಹತ್ತು ದಿನದ ನಂತರವೋ? ನೋಟಿಸಿನ ಫೋಟೋ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹೋಗುತ್ತಾ ಎರಡು ವಾರದ ಮೇಲೂ ತಿರುಗುತ್ತಿರುತ್ತದೆ. ತಾರೀಕು ಮತ್ತು ವಾರ ಎರಡನ್ನೂ ಬರೆಯಿರಿ, ಒಂದರಲ್ಲಿ ತಪ್ಪಾದರೆ ಇನ್ನೊಂದು ಹಿಡಿದುಕೊಡುತ್ತದೆ. ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡೇ ಬರೆಯಿರಿ. ಅಂಕಿಗಳನ್ನು 1, 2, 3 ಎಂದೇ ಹಾಕಿ. ಕನ್ನಡ ಅಂಕಿ ನೋಡಲು ಚಂದ, ನನಗೂ ಇಷ್ಟ, ಆದರೆ ಇಲ್ಲಿ ಶಾಲೆಗೆ ಹೋದ ಮಕ್ಕಳು ದೇವನಾಗರಿ ಅಂಕಿ ಕಲಿತಿರುತ್ತಾರೆ, ಫೋನ್ ನಂಬರಿನಲ್ಲಿ ಒಂದಂಕಿ ತಪ್ಪಿದರೂ ಹೋಯಿತು.

ಹೊತ್ತು ಬರೆಯುವಾಗ ಬೆಳಿಗ್ಗೆಯೋ ಸಂಜೆಯೋ ಹೇಳಿ, ಎಷ್ಟರವರೆಗೆ ಎಂದೂ ಹೇಳಿ. ದೂರದಿಂದ ಬರುವವರು ಆ ಕೊನೆಯ ಹೊತ್ತನ್ನು ನೋಡಿಯೇ ಹೊರಡುತ್ತಾರೆ. ಭಾನುವಾರ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವುದು, ಇದ್ದರೆ ಒಂದು ಸಾಲು ಸೇರಿಸಿ, ಹೇಗೆ ಬರುವುದು ಸುಲಭ ಎಂದು ತಿಳಿಸಿ.

ಜಾಗ ಹೇಳುವಾಗ ಸ್ಟೇಷನ್ನಿನ ಪೂರ್ವವೋ ಪಶ್ಚಿಮವೋ ಎಂಬುದು ಮೊದಲು ಬರಬೇಕು, ಬಿಲ್ಡಿಂಗಿನ ಹೆಸರು ಆಮೇಲೆ. ಊರಿನಿಂದ ಹೊಸದಾಗಿ ಬಂದವರಿಗೆ ಇದರ ಗಂಭೀರತೆ ಗೊತ್ತಿರುವುದಿಲ್ಲ. ಡೊಂಬಿವಲಿಯಲ್ಲಿ ತಪ್ಪು ಕಡೆ ಇಳಿದರೆ ಮಂಡಿ ನೋವಿನ ಅಜ್ಜಿಯೊಬ್ಬರು ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು. ನಡೆದು ಎಷ್ಟು ನಿಮಿಷ, ಹತ್ತಿರ ಯಾವ ದೇವಸ್ಥಾನ ಅಥವಾ ಶಾಲೆ, ಲಿಫ್ಟ್ ಇದೆಯೇ, ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಬಹುದು.

ಈಗ ಆ ನೋಟಿಸನ್ನು ಹೀಗೆ ಬರೆಯುತ್ತೇನೆ:

"ಶಾಲೆ ಮಕ್ಕಳಿಗೆ ನೋಟ್‌ಬುಕ್ ಮತ್ತು ಫೀಸಿಗೆ ಸಹಾಯ.
ಜೂನ್ 14, ಭಾನುವಾರ, ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಬಂದು ಹೆಸರು ಬರೆಸಿ.
ಎರಡು ಕಾಗದ ತನ್ನಿ: ಶಾಲೆಯ ಬೋನಾಫೈಡ್ ಮತ್ತು ಕಳೆದ ವರ್ಷದ ಮಾರ್ಕ್‌ಶೀಟ್. ಎರಡಕ್ಕೂ ಜೆರಾಕ್ಸ್ ಸಾಕು. ಇವು ಇಲ್ಲದಿದ್ದರೆ ಹೆಸರು ಬರೆದುಕೊಳ್ಳಲು ಆಗುವುದಿಲ್ಲ.
ಜಾಗ: ಸಂಘದ ಆಫೀಸು, ಡೊಂಬಿವಲಿ ಪೂರ್ವ. ಸ್ಟೇಷನ್ನಿನಿಂದ ನಡೆದು 8 ನಿಮಿಷ.
1ರಿಂದ 10ನೇ ಕ್ಲಾಸಿನ ಮಕ್ಕಳಿಗೆ. ಸಂಘದ ಸದಸ್ಯರಲ್ಲದವರೂ ಬರಬಹುದು."

ಹೆಜ್ಜೆ 8: ಮರ್ಯಾದೆ ಬಿಡಬೇಡಿ

ಸರಳವಾಗಿ ಬರೆದರೆ ಒರಟಾಗುತ್ತದೆ ಎಂಬ ಹೆದರಿಕೆ ನಮ್ಮ ಹಿರಿಯರಿಗೆ ಇದೆ, ಅದು ಸುಳ್ಳಲ್ಲ. "ಬನ್ನಿ" ಎಂಬ ಪದದಲ್ಲೇ ಗೌರವ ಇದೆ, ಅದಕ್ಕೆ ಮೇಲೆ "ದಯವಿಟ್ಟು ಬಂದು ಸಹಕರಿಸಬೇಕಾಗಿ ಸವಿನಯ ಪ್ರಾರ್ಥನೆ" ಬೇಕಾಗಿಲ್ಲ. ಆದರೆ ಮದುವೆ ಕರೆಯೋಲೆಯ ಹಳೆಯ ಮಾತುಗಳನ್ನು ನಾನು ಮುಟ್ಟುವುದಿಲ್ಲ. ಆ ಮಾತುಗಳನ್ನು ಯಾರೂ ಅರ್ಥ ಹುಡುಕಿ ಓದುವುದಿಲ್ಲ, ಮನೆತನದ ರೂಢಿ ಅದು, ಇರಲಿ. ಮುಹೂರ್ತ, ಊಟದ ಹೊತ್ತು, ಮದುವೆ ಹಾಲ್‌ನ ವಿಳಾಸ, ಇವು ಮೂರು ಮಾತ್ರ ಬೇರೆಯಾಗಿ, ದಪ್ಪ ಅಕ್ಷರದಲ್ಲಿ ಬರಲಿ.

ಸಾವಿನ ಸುದ್ದಿ ಬರೆಯುವುದು ಎಲ್ಲಕ್ಕಿಂತ ಕಷ್ಟ. "ಇಹಲೋಕ ತ್ಯಜಿಸಿದರು" ಎಂದು ಬರೆಯುವುದೋ "ತೀರಿಕೊಂಡರು" ಎಂದು ಬರೆಯುವುದೋ? ನಾನು "ತೀರಿಕೊಂಡರು" ಎಂದೇ ಬರೆಯುತ್ತೇನೆ. ಆ ಪದದಲ್ಲಿ ಮರ್ಯಾದೆಯೂ ಇದೆ, ದುಃಖವೂ ಇದೆ. ಅದರ ಕೆಳಗೆ ಸಂಸ್ಕಾರ ಎಲ್ಲಿ, ಎಷ್ಟು ಹೊತ್ತಿಗೆ, ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂದು ಬರೆಯಬೇಕು. ಆ ಹೊತ್ತಿನಲ್ಲಿ ಮನೆಯವರಿಗೆ ನೂರು ಫೋನ್ ಬರದಂತೆ ಮಾಡುವುದೇ ನಾವು ಮಾಡುವ ದೊಡ್ಡ ಉಪಕಾರ.

ಹೆಜ್ಜೆ 9: ಓದಿಸಿ ನೋಡಿ, ಆದರೆ "ಅರ್ಥ ಆಯ್ತಾ?" ಎಂದು ಕೇಳಬೇಡಿ

ಅರ್ಥ ಆಯ್ತಾ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಆಗಲಿಲ್ಲ ಎನ್ನಲು ಯಾರಿಗಾದರೂ ನಾಚಿಕೆಯೇ. ಬದಲಿಗೆ, ಓದಿಸಿ ಕಾಗದ ವಾಪಸು ತೆಗೆದುಕೊಳ್ಳಿ. "ಈಗ ನೀವು ಏನು ಮಾಡ್ತೀರಿ? ಯಾವಾಗ ಹೊರಡ್ತೀರಿ? ಕೈಯಲ್ಲಿ ಏನು ಹಿಡ್ಕೊಳ್ತೀರಿ?" ಎಂದು ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಸಾಲು ತಪ್ಪಿದೆ. ಅವರಿಗೆ ವಿವರಿಸಲು ಹೋಗಬೇಡಿ, ಸಾಲನ್ನು ತಿದ್ದಿ. ಮನೆಮನೆಗೂ ಹೋಗಿ ವಿವರಿಸಲು ನಿಮಗೆ ಆಗುವುದಿಲ್ಲವಲ್ಲ.

ಇಬ್ಬರಿಗೆ ಓದಿಸಿದರೆ ಸಾಕು. ಒಬ್ಬರು ಇಲ್ಲೇ ಹುಟ್ಟಿದ ಮಗು, ಗಟ್ಟಿಯಾಗಿ ಓದಲಿ. ಮಗು ಒಂದು ಪದದಲ್ಲಿ ಎರಡು ಸಲ ಎಡವಿದರೆ ಆ ಪದ ಬದಲಿಸಿ. ಇನ್ನೊಬ್ಬರು ಓದು ಕಡಿಮೆ ಇರುವ ಹಿರಿಯರು, ಅವರು ಕೇಳಿಸಿಕೊಂಡು ತಮ್ಮ ಮಾತಿನಲ್ಲಿ ಹೇಳಲಿ. ನಮ್ಮ ಮನೆಯಲ್ಲಿ ಇದು ಹತ್ತು ನಿಮಿಷದ ಕೆಲಸ, ಚಾ ಕುಡಿಯುತ್ತಾ ಮುಗಿಯುತ್ತದೆ.

ಕಾಗುಣಿತವನ್ನು ಕೊನೆಗೆ ನೋಡಿ. "ಮಾಡ ಬೇಕು", "ಬರ ಬೇಡಿ" ಎಂದು ಮೊಬೈಲ್ ಬಿಡಿಸಿ ಹಾಕಿದ್ದನ್ನು ಕೂಡಿಸಿ. ಹೆಸರು, ತಾರೀಕು, ನಂಬರ್, ಮೊತ್ತ, ಈ ನಾಲ್ಕನ್ನು ಬೇರೆಯವರಿಂದ ಒಮ್ಮೆ ಓದಿಸಿ, ನೀವು ಮೂಲ ಕಾಗದ ನೋಡುತ್ತಾ ಕೂತುಕೊಳ್ಳಿ.

ಹೆಜ್ಜೆ 10: ಬಂದ ಫೋನುಗಳನ್ನು ಬರೆದಿಡಿ

ಎಷ್ಟು ಜಾಗ್ರತೆ ಮಾಡಿದರೂ ಫೋನ್ ಬರುತ್ತದೆ. ಬಂದಾಗ ಬೇಸರ ಮಾಡಿಕೊಳ್ಳದೆ, ಕೇಳಿದ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದೇ ಪ್ರಶ್ನೆ ಮೂರು ಸಲ ಬಂದರೆ ಅದರ ಉತ್ತರ ಮುಂದಿನ ನೋಟಿಸಿನಲ್ಲಿ ಇರಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಇದ್ದವು ಇಂಥವು: "ಜೆರಾಕ್ಸ್ ಸಾಕಾ, ಒರಿಜಿನಲ್ಲೇ ಬೇಕಾ?" "ನಾವು ಸದಸ್ಯರಲ್ಲ, ಬರಬಹುದಾ?" ಮೇಲಿನ ಹೊಸ ನೋಟಿಸಿನಲ್ಲಿ ಆ ಎರಡು ಸಾಲು ಬಂದದ್ದು ಹೀಗೆ.

ಕಳೆದ ಸಲ ಆ ನೋಟಿಸಿಗೆ ನಾಲ್ಕೇ ಫೋನ್ ಬಂದವು. ಅದರಲ್ಲಿ ಮೂರರಲ್ಲಿ ಒಂದೇ ಪ್ರಶ್ನೆ: "ನನಗೆ ರಜೆ ಸಿಗುವುದಿಲ್ಲ, ಮಗುವಿನ ಜೊತೆ ಅಜ್ಜಿ ಬಂದರೆ ಆಗ್ತದಾ?" ಆಗುತ್ತದೆ. ಈ ಸಲ ಕಾಗದಗಳ ಸಾಲಿನ ಕೆಳಗೆ ಹೀಗೆ ಬರೆದಿದ್ದೇನೆ: "ತಂದೆ ತಾಯಿಗೆ ಬರಲು ಆಗದಿದ್ದರೆ ಮನೆಯ ಬೇರೆ ಯಾರಾದರೂ ದೊಡ್ಡವರು ಬರಬಹುದು."